ಟೈರ್ ಕಾರ್ಖಾನೆಯಲ್ಲೊಂದು ಕೆಂಪು ಟೋಪಿ

“ಟೈರ್ ಕಾರ್ಖಾನೆಯಲ್ಲಿ ಕೆಂಪು ಟೋಪಿ ಯಾರು ಹಾಕ್ಕೋತಾರೆ?”

ಅಮೆರಿಕದ ಪ್ರಾಧ್ಯಾಪಕಿ ಡಾ. ಪ್ರೂಯಿಟ್ ಕೇಳಿದ್ದು ಮೆತ್ತಗೆ, ಕಾಫಿಗೆ ಸಕ್ಕರೆ ಎಷ್ಟು ಅನ್ನುವ ಹಾಗೆ. ಆದರೂ ದರಿನಾಳ ಕೈ ತಾನಾಗಿಯೇ ತಲೆಗೆ ಹೋಯಿತು. ತಲೆಯ ಮೇಲೆ ಟೋಪಿ ಇರಲಿಲ್ಲ, ಅದು ಸ್ಟೇಷನ್ನಿನ ಕಪಾಟಿನಲ್ಲಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳದೂ ಅದೇ ಕಥೆಯಾಯಿತು.

ಪಕ್ಕದ ಕುರ್ಚಿಯಲ್ಲಿ ಮಟೂಶ್ ತನ್ನ ದಪ್ಪ ಬೆರಳುಗಳನ್ನು ಒಂದರೊಳಗೊಂದು ಹೆಣೆದುಕೊಂಡು ನೆಲ ನೋಡುತ್ತಿದ್ದ.

ಮೇಜಿನ ಮೇಲೆ ಎರಡು ಪ್ರಬಂಧಗಳು ಅಕ್ಕಪಕ್ಕ ಬಿದ್ದಿದ್ದವು. ಒಂದು ದರಿನಾಳದು, ಅವಳು ಟ್ರೆಂಚೀನ್ ಸ್ಟೇಷನ್ನಿನಲ್ಲಿ ಕೆಂಪು ಟೋಪಿ ಹಾಕಿಕೊಂಡು ರೈಲುಗಳಿಗೆ ಹೊರಡುವ ಅಪ್ಪಣೆ ಕೊಡುವವಳು. ಇನ್ನೊಂದು, ಪೂಖೊವ್ ಊರಿನ ಟೈರ್ ಕಾರ್ಖಾನೆಯಲ್ಲಿ ಪಾಳಿ ಮೇಸ್ತ್ರಿಯಾಗಿದ್ದ ಮಟೂಶನದು. ವಿಷಯ ಇಬ್ಬರಿಗೂ ಒಂದೇ: ‘ನಿಮ್ಮ ಕೆಲಸದಲ್ಲಿ ನೀವು ತೆಗೆದುಕೊಂಡ ಅತಿ ಕಷ್ಟದ ನಿರ್ಧಾರ.’ ನಡುವಿನ ಎರಡು ಪುಟಗಳೂ ಒಂದೇ. ಒಂದರಲ್ಲಿ ‘ಸ್ಟೇಷನ್’ ಎಂದಿದ್ದಲ್ಲಿ ಇನ್ನೊಂದರಲ್ಲಿ ‘ಕಾರ್ಖಾನೆ’, ‘ಪ್ರಯಾಣಿಕರು’ ಎಂದಿದ್ದಲ್ಲಿ ‘ಕೆಲಸಗಾರರು’. ಒಂದೇ ಒಂದು ವಾಕ್ಯ ಮಾತ್ರ ವೇಷ ಬದಲಿಸದೆ ಹಾಗೇ ಬಂದು ಕೂತುಬಿಟ್ಟಿತ್ತು. ಡಾ. ಪ್ರೂಯಿಟ್ ಕನ್ನಡಕ ಏರಿಸಿ ಅದನ್ನೇ ಓದಿದರು.

“‘ಕೆಂಪು ಟೋಪಿ ತಲೆಗೇರಿದ ಮೇಲೆ ನನಗೆ ಸ್ನೇಹಿತರಿಲ್ಲ, ನೆಂಟರಿಲ್ಲ. ಹೊತ್ತಾದರೆ ರೈಲು ಹೊರಡಬೇಕು.’ ಮಟೂಶ್ ಅವರೇ, ನಿಮ್ಮ ಕಾರ್ಖಾನೆಯಿಂದ ಎಷ್ಟು ರೈಲು ಹೊರಡ್ತವೆ?”

ಮಟೂಶ್ ಬಾಯಿ ತೆರೆದ. ಡಾ. ಪ್ರೂಯಿಟ್ ಕೈ ಎತ್ತಿ ತಡೆದರು.

“ಈಗ ಬೇಡ. ಕದ್ದಿದ್ರೆ, ಕದ್ದವರು ಆಚೆ. ಮೂರು ವರ್ಷದ ಓದೂ ಆಚೆ. ಇನ್ನೊಬ್ಬರಿಗೆ ಏನೂ ಆಗಲ್ಲ, ಪದವಿ ತಗೊಂಡು ಹೋಗ್ಬಹುದು. ಗೊತ್ತಿದ್ದೇ ಕೊಟ್ಟು ತಗೊಂಡಿದ್ರೆ ಇಬ್ಬರಿಗೂ ಸೊನ್ನೆ. ಈ ಜೂನಿನಲ್ಲಿ ಇಬ್ಬರಿಗೂ ಪದವಿ ಇಲ್ಲ, ಸೆಪ್ಟೆಂಬರಿನಲ್ಲಿ ಈ ಕೋರ್ಸು ಮತ್ತೆ ಮೊದಲಿಂದ. ಮುಂದಿನ ಶನಿವಾರ ನಾಲ್ಕು ಗಂಟೆ ಒಳಗೆ ಒಬ್ಬೊಬ್ಬರೇ ಬಂದು ನಡೆದದ್ದೇನು ಅಂತ ಬರೆದು ಕೊಡಿ. ಅಲ್ಲೀವರೆಗೆ ನಿಮ್ಮಿಬ್ಬರ ನಡುವೆ ಮಾತಿಲ್ಲ. ಫೋನಿಲ್ಲ, ಚೀಟಿ ಇಲ್ಲ. ಸರಿನಾ?”

ಸರಿ ಎಂದರು ಇಬ್ಬರೂ. ಮೂರು ವರ್ಷದಲ್ಲಿ ಅವರಿಬ್ಬರೂ ಒಟ್ಟಿಗೆ ಒಂದೇ ಉತ್ತರ ಕೊಟ್ಟದ್ದು ಅದೇ ಮೊದಲು.

*

ಅದು ಅಮೆರಿಕದ ಖಾಸಗಿ ವಿಶ್ವವಿದ್ಯಾಲಯದ ಶಾಖೆ. ವಾರವೆಲ್ಲ ದುಡಿದು ಬಂದವರಿಗೆ ಶನಿವಾರ ಪಾಠ ಹೇಳುವುದೇ ಅದರ ಕಸುಬು. ಐದಾರು ದೇಶಗಳಲ್ಲಿ ಇಂಥ ಶಾಖೆಗಳಿದ್ದವು. ನಮ್ಮೂರಲ್ಲಿ ಅದಕ್ಕೆ ಸಿಕ್ಕ ಜಾಗ ಹಳೆಯ ಸಂಗೀತ ಶಾಲೆಯ ಎರಡನೇ ಮಹಡಿ. ಕೆಳಗೆ ಮಕ್ಕಳು ಪಿಟೀಲನ್ನು ಕೊಯ್ಯುತ್ತಿದ್ದರೆ ಮೇಲೆ ನರ್ಸು, ಬ್ಯಾಂಕ್ ಗುಮಾಸ್ತೆ, ಬಿಯರ್ ಲಾರಿಗಳ ಮಾಲೀಕ ಎಲ್ಲರೂ ಕೂತು ಇಂಗ್ಲಿಷಿನಲ್ಲಿ ಲಾಭನಷ್ಟ ಕಲಿಯುತ್ತಿದ್ದರು. ಮಧ್ಯಾಹ್ನದ ಮೇಲೆ ಅರ್ಧ ತರಗತಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಿತ್ತು.

ಮೊದಲ ದಿನವೇ ಮಟೂಶ್ ಅವಳ ಪಕ್ಕ ಬಂದು ಕೂತಿದ್ದ. ನಲವತ್ತರ ಗಂಡಸು, ಅಗಲ ಭುಜ, ಉಗುರಿನ ಅಂಚಿನಲ್ಲಿ ಎಷ್ಟು ತೊಳೆದರೂ ಹೋಗದ ರಬ್ಬರಿನ ಕಪ್ಪು.

“ಕಾರ್ಖಾನೆಗೆ ಹೊಸ ಮಾಲೀಕರು ಬಂದಿದಾರೆ. ಬೈಯೋದೂ ಇಂಗ್ಲಿಷಲ್ಲೇ,” ಎಂದಿದ್ದ. “ಏನಂತ ಬೈತಿದಾರೆ ಅಂತಾದ್ರೂ ಗೊತ್ತಾಗ್ಲಿ ಅಂತ ಬಂದೆ.”

ಅವಳು ನಕ್ಕಿದ್ದಳು. ಗಂಡ ಐರ್ಲೆಂಡಿಗೆ ದುಡಿಯಲು ಹೋಗಿ ಅಲ್ಲೇ ಇನ್ನೊಂದು ಮನೆ ಮಾಡಿಕೊಂಡ ಮೇಲೆ ಅವಳು ಹಾಗೆ ಬಾಯಿ ತುಂಬ ನಕ್ಕದ್ದು ಅವತ್ತೇ.

ಅಂದಿನಿಂದ ಪ್ರತಿ ಶನಿವಾರವೂ ಒಂದೇ ಕ್ರಮ. ನಾಲ್ಕಕ್ಕೆ ತರಗತಿ ಬಿಟ್ಟರೆ ಇಬ್ಬರೂ ಸ್ಟೇಷನ್ನಿನ ಬಫೆ ಎಂಬ ಉಪಾಹಾರದ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಜು ಹಿಡಿಯುತ್ತಿದ್ದರು. ಎರಡೆರಡು ರೊಟ್ಟಿ ಸುರುಳಿ, ಮೀನಿನ ಸಲಾಡ್, ಎರಡು ಲೋಟ ಕೊಫೋಲಾ ಪಾನೀಯ. ಅವನಿಗೆ ಬಾರದ ಇಂಗ್ಲಿಷನ್ನು ಅವಳು ತಿದ್ದುತ್ತಿದ್ದಳು, ಅವಳಿಗೆ ಬಾರದ ಲೆಕ್ಕವನ್ನು ಅವನು ಬಿಡಿಸುತ್ತಿದ್ದ. ಐದೂಮುಕ್ಕಾಲಿಗೆ ಅವಳು ಎದ್ದು ಹೋಗಿ ಸಮವಸ್ತ್ರ ತೊಟ್ಟು ಕೆಂಪು ಟೋಪಿ ಇಟ್ಟುಕೊಂಡು ಪ್ಲಾಟ್‌ಫಾರಂಗೆ ಬರುತ್ತಿದ್ದಳು. ಆರು ಹನ್ನೆರಡಕ್ಕೆ ಅವನ ರೈಲು. ಹಿಡಿ ಇರುವ, ಹಸಿರು ಅಂಚಿನ ಬಿಳಿ ಸಂಕೇತದ ತಟ್ಟೆಯನ್ನು ಅವಳು ಮೇಲೆತ್ತಿದರೆ ಮಾತ್ರ ಅದು ಹೊರಡುತ್ತಿತ್ತು.

ಶನಿವಾರ ಸಂಜೆಯ ಆ ಪಾಳಿ ಯಾರಿಗೂ ಬೇಡದ ಪಾಳಿ. ಅವಳು ಮಾತ್ರ ಕೇಳಿ ಹಾಕಿಸಿಕೊಂಡಿದ್ದಳು. ಯಾಕೆ ಎಂದು ಯಾರಾದರೂ ಕೇಳಿದರೆ, ಭತ್ಯೆ ಜಾಸ್ತಿ ಎನ್ನುತ್ತಿದ್ದಳು. ಹೀಗೆ ಮೂರು ವರ್ಷ, ತನಗೆ ಬೇಕಾದ ಗಂಡಸನ್ನು ವಾರಕ್ಕೊಮ್ಮೆ ತನ್ನ ಕೈಯಾರೆ ದೂರ ಕಳಿಸಿಕೊಟ್ಟಿದ್ದಳು.

ಬಾಯಿ ಬಿಟ್ಟು ಇಬ್ಬರೂ ಏನೂ ಹೇಳಿರಲಿಲ್ಲ. ‘ನೀವು’ ಕೂಡ ದಾಟಿರಲಿಲ್ಲ. ನಮ್ಮ ಕಡೆ ಗಂಡಸು ತಾನಾಗಿ ‘ನೀನು’ ಅನ್ನುವ ಹಾಗಿಲ್ಲ. ಹೆಂಗಸೇ ಮೊದಲು ಅನ್ನಬೇಕು, ಅಂದಮೇಲೆ ಹಿಂದಕ್ಕೆ ಹೋಗುವ ಹಾಗಿಲ್ಲ. ಒಮ್ಮೆ ಸುಟ್ಟುಕೊಂಡವಳು ದರಿನಾ, ಇವತ್ತು ನಾಳೆ ಅನ್ನುತ್ತಲೇ ಇದ್ದಳು. ಮಟೂಶ್ ಕೇಳಲಿಲ್ಲ. ಕಿಟಕಿಯಾಚೆ ಕೋಟೆ ತೋರಿಸಿ ಒಮ್ಮೆ ಇಷ್ಟು ಮಾತ್ರ ಹೇಳಿದ್ದ:

“ಅಲ್ಲಿ ಮೇಲೆ ಒಬ್ಬ ಟರ್ಕಿಯವನು ಕೋಟೆಯಲ್ಲಿ ಸೆರೆಯಾಗಿದ್ದ ಪ್ರೇಯಸಿನ ಬಿಡಿಸ್ಕೊಳ್ಳೋಕೆ ಮೂರು ವರ್ಷ ಬಂಡೆಯಲ್ಲಿ ಬಾವಿ ತೋಡಿದ್ನಂತೆ. ಕೊನೆಗೆ ನೀರು ಸಿಕ್ತು, ಹುಡುಗಿನೂ ಸಿಕ್ಲು. ನಾನೂ ಮೂರು ವರ್ಷದಿಂದ ತೋಡ್ತಾ ಇದೀನಿ. ಬರೀ ಸಂಖ್ಯಾಶಾಸ್ತ್ರ ಸಿಗ್ತಿದೆ.”

“ಇನ್ನೂ ಆಳಕ್ಕೆ ತೋಡಿ,” ಎಂದು ಅವಳು ಲೋಟದೊಳಕ್ಕೆ ನಕ್ಕಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು.

*

ತಪ್ಪು ನಡೆದದ್ದು ಮೇ ತಿಂಗಳಲ್ಲಿ, ಅದೇ ಮೇಜಿನಲ್ಲಿ.

ಕಾರ್ಖಾನೆಗೆ ಹೊಸ ಯಂತ್ರ ಬಂದಿತ್ತು. ಮಟೂಶನಿಗೆ ಮೂರು ವಾರದಿಂದ ಒಂದು ದಿನವೂ ರಜೆ ಇಲ್ಲ. ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ತೂಕಡಿಸುತ್ತಿದ್ದ.

“ಪ್ರಬಂಧ ಆಗಲ್ಲ ಕಣ್ರೀ. ಮುಂದಿನ ವರ್ಷ ಬರೀತೀನಿ. ನೀವು ಪಾಸಾಗಿ ಹೋಗಿ.”

ನೀವು ಹೋಗಿ, ಅಂದ ಅದೊಂದು ಮಾತು ಅವಳ ಎದೆಗೆ ಚುಚ್ಚಿತು. ಚೀಲದಿಂದ ತನ್ನ ಪ್ರಬಂಧ ತೆಗೆದು ಮೇಜಿನ ಮೇಲೆ ಅವನ ಕಡೆಗೆ ಜಾರಿಸಿದಳು.

“ನಡುವಿನ ಎರಡು ಪುಟ ಹಾಗೇ ಹಾಕ್ಬಿಡಿ. ಹೆಸರುಗಳನ್ನ ಬದಲಾಯಿಸಿ ಸಾಕು. ಯಾರು ನೋಡ್ತಾರೆ?”

“ಅಮೆರಿಕದವರು ನೋಡ್ತಾರೆ.”

“ಅಮೆರಿಕದವರು ಅಮೆರಿಕದಲ್ಲಿದಾರೆ. ತಗೊಳ್ರೀ, ಬಿಗುಮಾನ ಬೇಡ.”

ಇದನ್ನು ಕಳ್ಳತನ ಎಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ನಮ್ಮ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಪಕ್ಕದವನಿಗೆ ಪುಸ್ತಕ ಜಾರಿಸುವುದನ್ನು ಕಲಿಯುತ್ತೇವೆ. ಓದು ಬರಹ ಆಮೇಲೆ. ಮೊಣಕೈ ಅಡ್ಡ ಇಟ್ಟು ಬರೆಯುವವನನ್ನು ಯಾರೂ ಆಟಕ್ಕೆ ಸೇರಿಸುವುದಿಲ್ಲ. ಮೇಷ್ಟರಿಗೂ ಇದು ಗೊತ್ತು, ಮೇಷ್ಟರೂ ಹಾಗೇ ಪಾಸಾದವರು. ದರಿನಾ ಮೂವತ್ತೇಳು ವರ್ಷ ಯಾರಿಗೂ ಮೊಣಕೈ ಅಡ್ಡ ಇಟ್ಟವಳಲ್ಲ. ಪ್ರೀತಿಸಿದವನಿಗೆ ಇಡುತ್ತಾಳೆಯೇ?

ಈಗ ಅದಕ್ಕೆ ಬೆಲೆ ತೆರುವ ಹೊತ್ತು. ಆಗಸ್ಟಿನಿಂದ ಟ್ರೆಂಚೀನ್ ಸ್ಟೇಷನ್ನಿನಲ್ಲಿ ಕೆಂಪು ಟೋಪಿಯೇ ಇರುವುದಿಲ್ಲ. ರೈಲುಗಳನ್ನೆಲ್ಲ ಝಿಲಿನಾ ಊರಿನ ಕೇಂದ್ರದಲ್ಲಿ ಪರದೆಗಳ ಮುಂದೆ ಕೂತೇ ನಡೆಸುತ್ತಾರೆ. ಆ ಪರದೆಯ ಮುಂದಿನ ಕುರ್ಚಿಗೆ ಅರ್ಜಿ ಹಾಕಲು ಪದವಿ ಬೇಕು, ಜೂನ್ ಮೂವತ್ತು ಕೊನೆಯ ದಿನ. ಪದವಿ ಇಲ್ಲದವರಿಗೆ ಯಾವುದೋ ಹಳ್ಳಿ ಸ್ಟೇಷನ್ನಿನ ಟಿಕೆಟ್ ಕಿಂಡಿ. ಮೂರು ವರ್ಷ ಅವಳು ನಿದ್ದೆಗೆಟ್ಟು ಓದಿದ್ದು ಆ ಕುರ್ಚಿಗಾಗಿ.

*

ವಿಚಾರಣೆಯಾದ ಆ ಶನಿವಾರವೇ ನುಂಗಲಾರದ ತುತ್ತಾಯಿತು. ಡಾ. ಪ್ರೂಯಿಟ್ ಕೋಣೆಯಿಂದ ಹೊರಬಂದ ಇಬ್ಬರೂ ರಸ್ತೆಯ ಬೇರೆ ಬೇರೆ ಬದಿ ಹಿಡಿದು ಒಂದೇ ಸ್ಟೇಷನ್ನಿಗೆ ನಡೆದರು. ಅವನು ಬಫೆಗೆ ಹೋಗಲಿಲ್ಲ. ಆರು ಹನ್ನೆರಡರ ರೈಲು ಹತ್ತಿ ಕಿಟಕಿ ಪಕ್ಕ ಕೂತ. ಯಾವಾಗಲೂ ಅವಳು ತಟ್ಟೆ ಎತ್ತುವಾಗ ಒಂದು ಹುಬ್ಬು ಏರಿಸಿ ರೇಗಿಸುತ್ತಿದ್ದವನು ಅವತ್ತು ಸುಮ್ಮನೆ ನೋಡಿದ. ಆ ನೋಟದಲ್ಲಿ ಏನೋ ಗಟ್ಟಿಯಾಗಿ ನಿರ್ಧಾರವಾಗಿತ್ತು. ಅದೇನೆಂದು ತಿಳಿಯದೆ ಅವಳು ತಟ್ಟೆ ಎತ್ತಿದಳು.

ರೈಲಿನ ಗಾರ್ಡ್ ಲಾಯೊಶ್, ಬಿಳಿ ಮೀಸೆಯ ಹಳೆಯ ಆಸಾಮಿ, ಮೆಟ್ಟಿಲ ಮೇಲೆ ನಿಂತು ತಲೆ ಅಲ್ಲಾಡಿಸಿದ. “ಏನ್ ಮೇಡಂ, ಇವತ್ತು ಬಫೆಗೆ ಬೀಗಾನಾ? ನಿಮ್ಮವರ ಮುಖ ನೋಡಿದ್ರೆ ನನ್ನ ರೈಲಲ್ಲಿ ಹೆಣ ಹೋಗ್ತಿದೆ ಅನ್ನಿಸ್ತಿದೆ.”

“ಯಾರ್ರೀ ನಮ್ಮವರು? ಬಾಗಿಲು ಹಾಕಿ,” ಎಂದಳು ದರಿನಾ.

ಗುರುವಾರ ಮಾರ್ಗಿತಾ ಫೋನು ಮಾಡಿದಳು. ಮಾರ್ಗಿತಾ ಶಾಖೆಯ ಕಾರ್ಯದರ್ಶಿ, ಅರವತ್ತು ಸಮೀಪಿಸಿದ ಹೆಂಗಸು. ಗುಟ್ಟು ಕಾಪಾಡುವುದರಲ್ಲಿ ಅವಳಷ್ಟು ನಿಯತ್ತಿನವರಿಲ್ಲ. ಒಂದು ಸಲಕ್ಕೆ ಒಬ್ಬರಿಗಿಂತ ಹೆಚ್ಚು ಜನರಿಗೆ ಹೇಳುತ್ತಿರಲಿಲ್ಲ.

“ಏ ಹುಡುಗಿ, ನಾನು ಹೇಳಿದೆ ಅಂತ ಹೇಳ್ಬೇಡ. ಅವನು ಇವತ್ತೇ ಬಂದು ಬರೆದು ಕೊಟ್ಟು ಹೋದ.”

ದರಿನಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. “ಏನಂತ?”

“ಕದ್ದೆ ಅಂತ! ನೀನು ಬಫೆಯಲ್ಲಿ ಕೈ ತೊಳೆಯೋಕೆ ಹೋದಾಗ ನಿನ್ನ ಚೀಲದಿಂದ ತೆಗೆದು ಫೋಟೊ ಹೊಡ್ಕೊಂಡ್ನಂತೆ. ನಿನಗೆ ಏನೇನೂ ಗೊತ್ತಿಲ್ವಂತೆ. ಬರೀವಾಗ ನಾನು ಪಕ್ಕದಲ್ಲೇ ಇದ್ದೆ, ‘ಕದ್ದೆ’ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಅಂತ ನನ್ನನ್ನೇ ಕೇಳ್ದ, ಪುಣ್ಯಾತ್ಮ.”

ದರಿನಾ ಕುರ್ಚಿ ಎಳೆದುಕೊಂಡು ಕೂತಳು.

“ಕೇಳಿಸ್ತಾ? ಅವನು ಹೋಗಿದಾನೆ, ಹೋದವನು ಹೋದ. ಕಾರ್ಖಾನೆ ಇದೆ, ಹೊಟ್ಟೆಗೇನೂ ಕಮ್ಮಿ ಇಲ್ಲ. ನೀನು ‘ನನಗೆ ಗೊತ್ತಿಲ್ಲ’ ಅಂತ ಒಂದು ಸಾಲು ಗೀಚಿ ಕೊಟ್ಟು ಪದವಿ ತಗೋ. ಗಂಡಸೊಬ್ಬ ತಲೆ ಕೊಡ್ತೀನಿ ಅಂದಾಗ ಬೇಡ ಅನ್ನಬಾರದು, ದಿನಾ ಕೊಡಲ್ಲ ಅವರು.”

ಫೋನಿಟ್ಟ ಮೇಲೆ ದರಿನಾ ಬಹಳ ಹೊತ್ತು ಕಿಟಕಿಯಲ್ಲಿ ವಾಹ್ ನದಿಯನ್ನು ನೋಡುತ್ತ ನಿಂತಳು. ಅವನ ಮೇಲೆ ಕೋಪ ಬಂತು. ಅಳುವೂ ಬಂತು. ಕದಿಯದ ಮನುಷ್ಯ ಕದ್ದೆ ಅನ್ನುವುದು ಎಂಥ ಪ್ರೀತಿ? ಇಷ್ಟನ್ನು ಒಂದು ಮಾತಿನಲ್ಲಿ ಹೇಳಬಹುದಾಗಿದ್ದವನು ಮೂರು ವರ್ಷ ಸುಮ್ಮನಿದ್ದು, ಈಗ ತಪ್ಪೊಪ್ಪಿಗೆ ಪತ್ರದಲ್ಲಿ ಬರೆದಿದ್ದಾನೆ, ಅದೂ ತಪ್ಪು ಇಂಗ್ಲಿಷಿನಲ್ಲಿ.

ಶುಕ್ರವಾರ ರಾತ್ರಿಯ ಹೊತ್ತಿಗೆ ಅವಳ ಪ್ರೀತಿ, ಭಯ, ಬುದ್ಧಿ ಮೂರೂ ಜಗಳವಾಡಿ ಬುದ್ಧಿ ಗೆದ್ದಿತು. ಇಬ್ಬರೂ ಮುಳುಗಿ ಯಾರಿಗೆ ಲಾಭ? ಅವನೇ ಬಯಸಿ ಕೊಟ್ಟದ್ದನ್ನು ತಳ್ಳಿದರೆ ಅವನಿಗೂ ಅವಮಾನವಲ್ಲವೇ? ಹೀಗೆಲ್ಲ ತನಗೆ ತಾನೇ ವಕಾಲತ್ತು ಮಾಡಿಕೊಂಡು ಒಂದು ಸಾಲು ಬರೆದಳು: ‘ನನ್ನ ಪುಟಗಳನ್ನು ಅವರು ನನಗೆ ತಿಳಿಯದಂತೆ ತೆಗೆದುಕೊಂಡಿದ್ದಾರೆ.’ ಮಡಿಸಿ ಕೋಟಿನ ಜೇಬಿಗೆ ಹಾಕಿದಳು. ಆ ಚೂರು ಕಾಗದ ರಾತ್ರಿಯೆಲ್ಲ ಕೋಟಿನಲ್ಲಿ ನೇತಾಡಿತು, ಅವಳು ಹಾಸಿಗೆಯಲ್ಲಿ ಹೊರಳಾಡಿದಳು.

*

ಶನಿವಾರ ಮೂರೂವರೆ. ಕೆಳಗೆ ಒಂದು ಮಗು ಪಿಟೀಲಿನಲ್ಲಿ ಅದೇ ನಾಲ್ಕು ಸ್ವರಗಳನ್ನು ಮತ್ತೆ ಮತ್ತೆ ತಪ್ಪಿಸುತ್ತಿತ್ತು. ಡಾ. ಪ್ರೂಯಿಟ್ ಕುರ್ಚಿ ತೋರಿಸಿದರು. ಅವರ ಸೂಟ್‌ಕೇಸ್ ಬಾಗಿಲ ಬಳಿ ಸಿದ್ಧವಾಗಿತ್ತು, ಸಂಜೆ ಇನ್ನೊಂದು ದೇಶದ ಶಾಖೆಗೆ ಪ್ರಯಾಣ.

“ಬರೆದು ತಂದಿದೀರಾ?”

“ಹೌದು.”

“ಓದಿ. ಬರೆದದ್ದನ್ನ ಅವರ ಬಾಯಿಂದಲೇ ಕೇಳೋದು ನನ್ನ ಪದ್ಧತಿ.”

ದರಿನಾ ಇದನ್ನು ಎಣಿಸಿರಲಿಲ್ಲ. ಕಾಗದ ಬಿಡಿಸಿದಳು. ಹದಿಮೂರು ವರ್ಷ ಮೈಕಿನ ಮುಂದೆ ನಿಂತವಳು ಅವಳು. ರೈಲು ಇಪ್ಪತ್ತು ನಿಮಿಷ ತಡ ಅಂದರೆ ಇಪ್ಪತ್ತೇ, ಹತ್ತೊಂಬತ್ತಲ್ಲ. ಬೈಸಿಕೊಂಡಿದ್ದಳೇ ಹೊರತು ಜನರನ್ನು ಸಮಾಧಾನ ಮಾಡಲು ಒಂದು ನಿಮಿಷದ ಸುಳ್ಳನ್ನೂ ಆ ದನಿಯಲ್ಲಿ ಹೇಳಿರಲಿಲ್ಲ. ‘ನನ್ನ ಪುಟಗಳನ್ನು ಅವರು’ ಎಂಬಲ್ಲಿವರೆಗೆ ಓದಿದಳು. ಮುಂದಿನ ಪದಕ್ಕೆ ದನಿ ಹೊರಡಲೇ ಇಲ್ಲ.

ಡಾ. ಪ್ರೂಯಿಟ್ ಕಾದರು. ಕೆಳಗೆ ಪಿಟೀಲೂ ನಿಂತಿತು.

“ಅವರು ತಗೊಳ್ಳಲಿಲ್ಲ,” ಎಂದಳು ದರಿನಾ, ಕಾಗದ ಮಡಿಸುತ್ತ. “ನಾನೇ ಕೊಟ್ಟೆ. ಬೇಡ ಅಂದ್ರೂ ಕೊಟ್ಟೆ. ಹೆಸರು ಬದಲಾಯಿಸಿ ಅಂತ ಹೇಳಿಕೊಟ್ಟವಳೂ ನಾನೇ.”

“ಅವರು ಬೇರೆ ಥರ ಬರೆದು ಕೊಟ್ಟಿದಾರೆ. ಗೊತ್ತಾ?”

“ಗೊತ್ತು. ಹೇಗೆ ಗೊತ್ತು ಅಂತ ಮಾತ್ರ ಕೇಳಬೇಡಿ.”

ಪಕ್ಕದ ಕೋಣೆಯಲ್ಲಿ ಮಾರ್ಗಿತಾಳ ಕೀಲಿಮಣೆಯ ಸದ್ದು ಥಟ್ಟನೆ ನಿಂತುಹೋಯಿತು. ಡಾ. ಪ್ರೂಯಿಟ್ ಆ ಕಡೆ ಒಮ್ಮೆ ನೋಡಿ, ಕೇಳಲಿಲ್ಲ.

“ನಿಮಗೆ ಈ ಪದವಿ ಯಾಕೆ ಬೇಕು ಅಂತ ನಿಮ್ಮ ಪ್ರಬಂಧದಲ್ಲೇ ಓದಿದೀನಿ. ಈ ಮಾತು ವಾಪಸ್ ತಗೊಳ್ಳೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ.”

ದರಿನಾಳಿಗೆ ಅಳು ಬಂತು, ತಡೆದುಕೊಂಡಳು. “ಮೇಡಂ, ನಮ್ಮಲ್ಲಿ ಪಕ್ಕದವನಿಗೆ ಪುಸ್ತಕ ತೋರಿಸದವನು ಕೆಟ್ಟವನು. ನಿಮ್ಮಲ್ಲಿ ತೋರಿಸಿದವನು ಕೆಟ್ಟವನು. ನಿಮ್ಮ ನಿಯಮ ಓದಿ ಸಹಿ ಹಾಕಿದ್ದೆ, ಆದ್ರೂ ಕೈ ಕೇಳಲಿಲ್ಲ. ಅದಕ್ಕೆ ಸೊನ್ನೆ ಹಾಕಿ, ತಗೋತೀನಿ. ಆದ್ರೆ ಅವನನ್ನ ಕಳ್ಳ ಅಂತ ನನ್ನ ಬಾಯಿಂದ ಹೇಳಿಸಬೇಡಿ. ಹೇಳಿಬಿಟ್ರೆ, ಆಮೇಲೆ ಯಾವ ಊರಿನ ಯಾವ ಕುರ್ಚಿ ಸಿಕ್ಕಿ ಏನು?”

‘ಅವನನ್ನ’ ಎಂದದ್ದು ಅವಳಿಗೇ ಆಮೇಲೆ ಕೇಳಿಸಿತು.

ಡಾ. ಪ್ರೂಯಿಟ್ ಎರಡೂ ಪ್ರಬಂಧಗಳ ಮೇಲೆ ಒಂದೊಂದು ಸೊನ್ನೆ ಬರೆದರು. ದುಂಡಗೆ, ಅವಸರವಿಲ್ಲದೆ. ದರಿನಾ ನೋಡುತ್ತಲೇ ಇದ್ದಳು; ಝಿಲಿನಾದ ಕುರ್ಚಿ ಆ ದುಂಡಿನೊಳಗೆ ಹೋಯಿತು.

“ಸೆಪ್ಟೆಂಬರಿನಲ್ಲಿ ಬನ್ನಿ, ಇಬ್ಬರೂ. ಆದರೆ ಬೇರೆ ಬೇರೆ ಬೆಂಚು.” ಆಮೇಲೆ ಅವರು ಕಡತದಿಂದ ಮಟೂಶನ ಪತ್ರ ತೆಗೆದರು. ಒಂದು ಗಳಿಗೆ ಅದರ ಮೇಲೆ ಕೈ ಇಟ್ಟುಕೊಂಡಿದ್ದು, ಮೇಜಿನ ಮೇಲೆ ಅವಳ ಕಡೆಗೆ ಮೆಲ್ಲಗೆ ಜಾರಿಸಿದರು. “ಇದು ಸುಳ್ಳು ಹೇಳಿಕೆ. ನನ್ನ ಕಡತದಲ್ಲಿದ್ರೆ ಅವರನ್ನ ಆಚೆ ಹಾಕಲೇಬೇಕು. ನನಗೆ ಇಂಥದ್ದೇನೂ ಬಂದಿಲ್ಲ.”

ದರಿನಾ ಅವರ ಮುಖ ನೋಡಿದಳು. ಡಾ. ಪ್ರೂಯಿಟ್ ಮೊಣಕೈ ಮೇಜಿನಿಂದ ತೆಗೆದು ಸೂಟ್‌ಕೇಸಿನ ಕಡೆ ತಿರುಗಿದ್ದರು.

*

ಅವಳು ಟೋಪಿ ಇಟ್ಟುಕೊಂಡು ಎರಡನೇ ಪ್ಲಾಟ್‌ಫಾರಂಗೆ ಬಂದಾಗ ಮಟೂಶ್ ಗಡಿಯಾರದ ಕೆಳಗೆ ನಿಂತಿದ್ದ. ಆರು ಗಂಟೆ ಐದು ನಿಮಿಷ. ಜೂನಿನ ಬಿಸಿಲು ಕೋಟೆಯ ಮೇಲೆ ಇನ್ನೂ ಹಳದಿಯಾಗಿತ್ತು.

“ನಾಲ್ಕು ಗಂಟೆ ಆಯ್ತು. ಈಗ ಮಾತಾಡ್ಬಹುದಲ್ವಾ?” ಎಂದ. ದನಿ ಹಗುರ ಮಾಡಲು ನೋಡಿದ, ಆಗಲಿಲ್ಲ. “ಕೊಟ್ರಾ? ಒಂದು ಸಾಲು?”

“ಬರೆದಿದ್ದೆ. ಓದೋಕಾಗ್ಲಿಲ್ಲ.”

“ಅಂದ್ರೆ?”

ಅವಳು ಅವನ ಪತ್ರವನ್ನು ಚಾಚಿದಳು. ಮಟೂಶ್ ಅದನ್ನು ನೋಡಿದ, ಅವಳನ್ನು ನೋಡಿದ. ಅವನ ಮುಖ ಮೊದಲು ಬಿಳಿಚಿ ಆಮೇಲೆ ಕೆಂಪಾಯಿತು.

“ನಿಮಗೆ ಬುದ್ಧಿ ಇದೆಯೇನ್ರೀ? ನಾನು ಮುಳುಗಿ ಆಗಿತ್ತು. ದಡದಲ್ಲಿ ನಿಂತಿದ್ದವರು ನೀವ್ಯಾಕೆ ಹಾರಿದ್ರಿ?”

“ಈಜು ಬರತ್ತೆ ಅಂತ.”

“ತಮಾಷೆ ಮಾಡ್ಬೇಡಿ! ಝಿಲಿನಾ?”

“ಹೋಯ್ತು.”

“ಈ ಟೋಪಿ?”

“ಜುಲೈ ಕೊನೆಗೆ ವಾಪಸ್ ಕೊಡ್ಬೇಕು.”

ಅವನು ಬೆಂಚಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. “ನಿಮಗೋಸ್ಕರ ನಾನು ಕಳ್ಳ ಆಗೋಕೂ ಸಿದ್ಧ ಇದ್ದೆ. ಅದಕ್ಕೂ ಬಿ‌ಡಲಿಲ್ವಲ್ಲ ನೀವು.”

“ಯಾರು ಕೇಳಿದ್ರು ನಿಮ್ಮನ್ನ?” ಅವಳ ದನಿಯೂ ಏರಿತು. “ಮೂರು ವರ್ಷ ಎದುರಿಗೆ ಕೂತು ಮೀನು ತಿಂದ್ರಿ. ಒಂದು ಮಾತು ಆಡಲಿಲ್ಲ. ಈಗ ದೊಡ್ಡ ತ್ಯಾಗಮೂರ್ತಿಯ ಥರ ತಲೆ ಕೊಡೋಕೆ ಹೊರಟ್ರಿ. ಆ ತಲೆ ಇಟ್ಕೊಂಡು ನಾನು ಏನು ಮಾಡ್ಲಿ? ಝಿಲಿನಾದಲ್ಲಿ ಪರದೆ ಮುಂದೆ ಕೂತು, ಆರು ಹನ್ನೆರಡರ ರೈಲು ಒಂದು ಚುಕ್ಕಿ ಆಗಿ ಹೋಗೋದನ್ನ ನೋಡ್ಲಾ? ಒಳಗೆ ನೀವಿಲ್ಲ ಅಂತ ಗೊತ್ತಿದ್ದೂ?”

ಮಟೂಶ್ ತಲೆ ಎತ್ತಿದ. ದೂರದಲ್ಲಿ ಹಳಿ ಸಣ್ಣಗೆ ಗುಂಯ್‌ಗುಡತೊಡಗಿತು.

“ಒಂದು ಕೇಳ್ತೀನಿ,” ಎಂದಳು ಅವಳು, ಟೋಪಿ ಸರಿಮಾಡಿಕೊಂಡು. “ನಿಜ ಹೇಳಿ. ಸ್ಟೇಷನ್ ಬದಲಾಯಿಸಿದ್ರಿ, ಪ್ರಯಾಣಿಕರನ್ನ ಬದಲಾಯಿಸಿದ್ರಿ, ಟೋಪಿ ಯಾಕೆ ಬಿಟ್ರಿ? ಅದೊಂದೇ ಅಲ್ವಾ ನಮ್ಮನ್ನ ಹಿಡಿಸಿದ್ದು? ಕಣ್ಣಿಗೆ ಬೀಳಲಿಲ್ವಾ?”

“ಬಿತ್ತು.”

“ಮತ್ತೆ?”

ಅವನು ಉತ್ತರ ಕೊಡುವಷ್ಟರಲ್ಲಿ ರೈಲು ಬಂದು ನಿಂತಿತು. ಜನ ಇಳಿದರು, ಜನ ಹತ್ತಿದರು. ಮಟೂಶ್ ಎದ್ದು ಅಭ್ಯಾಸಬಲದಿಂದ ಬೋಗಿಯ ಮೆಟ್ಟಿಲೇರಿ ಕಂಬಿ ಹಿಡಿದು ತಿರುಗಿ ನಿಂತ. ಆರು ಗಂಟೆ ಹತ್ತು ನಿಮಿಷ.

“ಬೆರಳು ಕೀಲಿಯ ಮೇಲೇ ಇತ್ತು, ದರಿನಾ. ಒಂದು ಸಲ ಒತ್ತಿದ್ರೆ ಮುಗೀತಿತ್ತು.” ಅವನ ದನಿ ಇಳಿದಿತ್ತು, ಅವಳು ಹತ್ತಿರ ಬರಬೇಕಾಯಿತು. “ಪ್ರತಿ ಶನಿವಾರ ಈ ಕಿಟಕಿಯಿಂದ ಆ ಟೋಪಿ ಸಣ್ಣದಾಗ್ತಾ ಸಣ್ಣದಾಗ್ತಾ ಕಾಣದೇ ಹೋಗೋವರೆಗೆ ನೋಡಿದೀನಿ. ಮೂರು ವರ್ಷ. ಅದನ್ನ ನನ್ನ ಕೈಯಾರೆ ಅಳಿಸು ಅಂದ್ರೆ? ಆಗಲಿಲ್ಲ. ನನ್ನ ಕಾರ್ಖಾನೆಯಲ್ಲೂ ಒಂದು ಕೆಂಪು ಟೋಪಿ ಇರಲಿ ಅಂತ ಬಿಟ್ಟೆ. ನಿಮ್ಮ ಬದುಕು ಹಾಳು ಮಾಡ್ಬಿಟ್ಟೆ.”

ಬದುಕಿನಲ್ಲಿ ಅವಳಿಗೆ ಹೂವು ಕೊಟ್ಟವರಿದ್ದರು, ಉಂಗುರ ಕೊಟ್ಟವನಿದ್ದ. ಅವಳ ಒಂದು ವಾಕ್ಯವನ್ನು ಅಳಿಸಲಾರದೆ ತಾನೇ ಸಿಕ್ಕಿಬಿದ್ದವರು ಯಾರೂ ಇರಲಿಲ್ಲ.

“ಮೇಡಂ!” ಲಾಯೊಶ್ ಹಿಂದಿನ ಬೋಗಿಯಿಂದ ಕೂಗಿದ. “ಆರು ಹನ್ನೆರಡಾಗ್ತಿದೆ! ಸರಸ ಜಾಸ್ತಿ ಇದ್ರೆ ವೇಳಾಪಟ್ಟಿಯಲ್ಲಿ ಹಾಕಿಸಿ, ನಾವೂ ಕಾಯ್ತೀವಿ!”

ಬೋಗಿಯ ಕಿಟಕಿಗಳಲ್ಲಿ ನಗು ಎದ್ದಿತು. ಗಡಿಯಾರದ ಮುಳ್ಳು ಹನ್ನೆರಡನೇ ನಿಮಿಷಕ್ಕೆ ಬಂದು ನಿಂತಿತು. ಹದಿಮೂರು ವರ್ಷದಲ್ಲಿ ದರಿನಾ ಒಂದು ರೈಲನ್ನೂ ತನ್ನ ಕಾರಣಕ್ಕೆ ತಡ ಮಾಡಿದವಳಲ್ಲ, ಇವತ್ತೂ ಮಾಡುವವಳಲ್ಲ. ಎರಡು ಹೆಜ್ಜೆ ಹಿಂದೆ ಸರಿದು ನೆಟ್ಟಗೆ ನಿಂತಳು. ಮಟೂಶನ ಮುಖ ಬಾಡಿತು. ಎಂದಿನಂತೆ ಹುಬ್ಬೇರಿಸಿ ನಗಲು ನೋಡಿದ.

“ಮಟೂಶ್,” ಎಂದಳು.

“ಹೇಳಿ.”

“ಇಳಿ.”

ಅವನು ಕಂಬಿ ಹಿಡಿದೇ ನಿಂತ, ತನಗಲ್ಲವೇನೋ ಅನ್ನುವ ಹಾಗೆ. ಹಿಂದೆ ಮುಂದೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು, ಕೈ ಮಾತ್ರ ನಡುಗಲಿಲ್ಲ.

“ಇಳಿಯೋ. ನನ್ನ ರೈಲು ತಡ ಆಗತ್ತೆ.”

ಅವನು ಹಾರಿ ಇಳಿದ. ನಲವತ್ತು ದಾಟಿದ ಆ ಭಾರಿ ದೇಹ ಪ್ಲಾಟ್‌ಫಾರಂಗೆ ಬಿದ್ದ ಸದ್ದಿಗೆ ಪಾರಿವಾಳಗಳು ಎದ್ದವು. ಅದೇ ಗಳಿಗೆಯಲ್ಲಿ ದರಿನಾ ಹಸಿರು ಅಂಚಿನ ತಟ್ಟೆಯನ್ನು ಮೇಲೆತ್ತಿದಳು. ಲಾಯೊಶ್ ಮೀಸೆಯೊಳಗೆ ನಗುತ್ತ ಬೇಕಾದ್ದಕ್ಕಿಂತ ಉದ್ದವಾಗಿ ಸೀಟಿ ಊದಿದ. ಆರು ಹನ್ನೆರಡರ ರೈಲು ಆರು ಹನ್ನೆರಡಕ್ಕೇ ಹೊರಟಿತು.

ಕೊನೆಯ ಬೋಗಿ ತಿರುವಿನಲ್ಲಿ ಮರೆಯಾಗುವವರೆಗೆ ಇಬ್ಬರೂ ಪಕ್ಕಪಕ್ಕ ನಿಂತು ನೋಡಿದರು. ಅದನ್ನು ಇಬ್ಬರೂ ಒಂದೇ ಕಡೆಯಿಂದ ನೋಡಿದ್ದು ಅದೇ ಮೊದಲು. ಆಮೇಲೆ ಅವನ ಕೈ ಅವಳ ಕೈ ಹುಡುಕಿತು. ಡ್ಯೂಟಿಯಲ್ಲಿದ್ದವಳು ಬಿಡಿಸಿಕೊಳ್ಳಬೇಕಿತ್ತು, ಬಿಡಿಸಿಕೊಳ್ಳಲಿಲ್ಲ.

“ಬೆಳಿಗ್ಗೆ ಆರರವರೆಗೆ ನನಗೆ ಬಿಡುವಿಲ್ಲ,” ಎಂದಳು.

“ಗೊತ್ತು. ಬಫೆ ಇದೆಯಲ್ಲ. ಸೆಪ್ಟೆಂಬರಿನ ಪ್ರಬಂಧ ಈಗಲೇ ಶುರು ಮಾಡ್ತೀನಿ.”

“ಇಂಗ್ಲಿಷ್ ತಿದ್ದಬೇಕಾದ್ರೆ ಹೇಳು.”

ಮಟೂಶ್ ತಲೆಯಲ್ಲಾಡಿಸಿದ. ಮೂರು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಆ ಒಂದು ಪದವನ್ನು ಹೊರಗೆ ತೆಗೆಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಈ ಸಲ ಮೊಣಕೈ ಅಡ್ಡ ಇಟ್ಕೊಂಡೇ ಬರೀತೀನಿ. ನೀನು ಇಣುಕಬಾರದು.”